ಕಂಡದ್ದಷ್ಟೇ ಹೇಳಿ

ನೆಬ್ರಾಸ್ಕದ ಆ ಜಿಲ್ಲಾ ಕೋರ್ಟಿನಲ್ಲಿ ಲಿಬ್ಬಿ ಹಾವ್ಲಿಚೆಕ್ ಮೂವತ್ತೊಂದು ವರ್ಷ ಸಾಕ್ಷಿಗಳ ಮಾತನ್ನು ಟೈಪು ಮಾಡಿದವಳು. "ಇದು ಊಹೆ, ಸ್ವಾಮಿ" ಎಂದು ವಕೀಲ ಏಳುವುದು, "ಕಂಡದ್ದಷ್ಟೇ ಹೇಳಿ" ಎಂದು ಜಡ್ಜು ಗದರುವುದು, ಇದನ್ನು ಎಷ್ಟು ಸಾವಿರ ಸಲ ಕುಟ್ಟಿದ್ದಳೋ. ಕಣ್ಣಲ್ಲಿ ಕಾಣದ್ದನ್ನು ಬಾಯಲ್ಲಿ ಕಟ್ಟುವ ಜನ ಅವಳಿಗೆ ಕಾಲಕಸ. ಊಹೆ ಅಂದರೆ ಸೋಮಾರಿಗಳ ಸಾಕ್ಷಿ ಎನ್ನುತ್ತಿದ್ದಳು.

ಈಗ ಎಂಬತ್ತೆರಡರಲ್ಲಿ ಅವಳೇ ಕಟಕಟೆ ಹತ್ತಬೇಕಾಯಿತು. ಅತ್ತೆಗೆ ಅರಳುಮರಳು, ಅವಳ ಜವಾಬ್ದಾರಿ ನನಗೆ ಕೊಡಿ, ವೃದ್ಧಾಶ್ರಮಕ್ಕೆ ಸೇರಿಸುತ್ತೇನೆ ಎಂದು ಅಣ್ಣನ ಮಗ ಡ್ವೇನ್ ಅರ್ಜಿ ಹಾಕಿದ್ದ. ಈಸ್ಟರಿನ ಹಿಂದಿನ ದಿನ, ಕೊಲಾಚೆ ಬನ್ನಿಗೆ ಗಸಗಸೆ ಹೂರಣ ಕಾಯಿಸಿದ ಒಲೆ ಉರಿಯುತ್ತಲೇ ಇದ್ದು, ಅವಳ ಅಡುಗೆಮನೆಯ ಪರದೆ ಸುಟ್ಟುಹೋಗಿತ್ತು.

ಮೊದಲು ಪಕ್ಕದ ಮನೆಯ ಆರ್ಲೀನ್ ಸಾಕ್ಷಿ ಹೇಳಲು ಬಂದಳು. "ಪಾಪ, ಆರಿಸೋದು ಮರ್ತಿರ್ಬೇಕು. ವಯಸ್ಸಾಯ್ತಲ್ಲ."

"ಮರ್ತಿದ್ದು ನೀವು ಕಂಡ್ರಾ?" ಲಿಬ್ಬಿಯ ವಕೀಲ ಕೇಳಿದ.

"ಕಾಣೋದೇನು, ಗೊತ್ತಾಗಲ್ವೇ?"

"ಊಹೆ, ಸ್ವಾಮಿ."

ಜಡ್ಜು ಆ ಮಾತನ್ನು ದಾಖಲೆಯಿಂದ ತೆಗೆಸಿದರು. ಚರ್ಚಿನಲ್ಲಿ ಯಾರು ಬಸುರಿ ಎಂಬುದೂ ಇವಳಿಗೆ ಹೀಗೇ ಗೊತ್ತಾಗುವುದು, ಮೂರಕ್ಕೆ ಎರಡು ಸುಳ್ಳು ಎಂದುಕೊಂಡಳು ಲಿಬ್ಬಿ.

"ಅತ್ತೆ ಫೋನಲ್ಲಿ ಒಂಥರಾ ಮಾತಾಡ್ತಿದ್ರು. ತಲೆ ಸರಿ ಇಲ್ಲ ಅನ್ಸುತ್ತೆ," ಎಂದ ಡ್ವೇನ್. ಅದೂ ಹೋಯಿತು. ವರ್ಷಕ್ಕೊಮ್ಮೆ ಫೋನು ಮಾಡುವವನಿಗೆ ಅನ್ನಿಸುವುದು ಬೇರೆ ಕೇಡು, ಥೂ.

ಲಿಬ್ಬಿಯ ಸರದಿ ಬಂತು. ಡ್ವೇನನ ವಕೀಲ ಬೆಣ್ಣೆಯಂಥ ದನಿಯಲ್ಲಿ ಕೇಳಿದ, "ಒಲೆ ಆರಿಸಿದ್ರಾ, ಅಮ್ಮಾ?"

"ಆರಿಸಿರ್ತೀನಿ. ಅರವತ್ತು ವರ್ಷದಿಂದ ಆರಿಸ್ತಾ ಬಂದಿಲ್ವಾ?"

"ಊಹೆ, ಸ್ವಾಮಿ."

ಜಡ್ಜು ಕನ್ನಡಕದ ಮೇಲಿಂದ ನೋಡಿದರು. "ಲಿಬ್ಬಿಯಮ್ಮ, ನಿಮಗೆ ನಾನು ಹೇಳ್ಕೊಡ್ಬೇಕಾ? ಆರಿಸಿದ್ದು ನೆನಪಿದ್ಯಾ?"

ಹೌದು ಎಂದರೆ ಮನೆ ಉಳಿಯುತ್ತಿತ್ತು. ಸುಳ್ಳೆನ್ನಲು ಕಂಡವರು ಯಾರೂ ಇರಲಿಲ್ಲ. ಲಿಬ್ಬಿ ಆ ಬೆಳಗನ್ನು ತಡಕಿದಳು. ಹಿಟ್ಟು ನಾದಿದ್ದು ಸಿಕ್ಕಿತು, ಹೂರಣ ಕದಡಿದ್ದು ಸಿಕ್ಕಿತು, ಅಲ್ಲಿಂದ ಮುಂದೆ ಏನೂ ಇಲ್ಲ. ಆದರೂ ಆರ್ಲೀನಳ ಸಾಲಿಗೆ ಸೇರುವಷ್ಟು ಹೇಸಿಗೆಗೆ ಅವಳು ಇಳಿಯಲಾರಳು.

"ನೆನಪಿಲ್ಲ," ಎಂದಳು.

ತೀರ್ಪು ಡ್ವೇನನ ಕಡೆಗಾಯಿತು. ಹೊರಗೆ ಅವನು ಅವಳ ಕೋಟು ಹಿಡಿದು ನಿಂತಿದ್ದ. "ಎಲ್ಲ ನಿಮ್ಮ ಒಳ್ಳೇದಕ್ಕೇ, ಅತ್ತೆ. ಆಶ್ರಮದಲ್ಲಿ ನೀವು ಸುಖವಾಗಿರ್ತೀರಿ."

"ಒಳಗೆ ಹೋಗಿ ನೋಡ್ಕೊಂಡು ಬಂದಿದ್ಯೇನೋ?"

ಡ್ವೇನ್ ಕೋಟನ್ನು ಅವಳ ಹೆಗಲಿಗೆ ಹೊದಿಸಿದ. ಲಿಬ್ಬಿ ಮನೆಯ ಬೀಗದಕೈ ತೆಗೆದು ಅವನ ಅಂಗೈಗೆ ಹಾಕಿದಳು.