ಎಡಕ್ಕೆ ವಾಲುವ ಚಕ್ರ

ಹಿಂದಿನ ಚಕ್ರ ಈ ಸಲವೂ ಎಡಕ್ಕೇ ವಾಲಿತ್ತು. ಶೋಭಾರಾಣಿ ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ರಿಮ್ಮಿನ ಪಕ್ಕ ಸೀಮೆಸುಣ್ಣ ಹಿಡಿದು ಮೆಲ್ಲಗೆ ತಿರುಗಿಸಿದಳು. ಸುಣ್ಣದ ಗುರುತು ಬಿದ್ದದ್ದು ಎಡಮಗ್ಗುಲಿಗೆ ಮಾತ್ರ.

"ತಿಂಗಳಲ್ಲಿ ಮೂರನೇ ಸಲ ಕಣೇ ರಂಜಿತಾ. ಇದರ ಮೇಲೆ ನೀನು ಕೂರ್ತೀಯೋ, ಆನೆ ಕೂರುತ್ತೋ?"

ಹುಡುಗಿ ನಗಲಿಲ್ಲ. ಮಾಡದಕೆರೆ ಕಡೆಯ ಗೊಲ್ಲರಹಟ್ಟಿಯವಳು, ಒಂಬತ್ತನೇ ಕ್ಲಾಸು. ಹೋದ ವರ್ಷ ಸ್ಕೂಲಿನಲ್ಲಿ ಕೊಟ್ಟ ಸೈಕಲ್ಲು ಅದು. "ಇದೇ ಕೊನೇ ಸಲ ಅಂದೈತೆ ನಮ್ಮಪ್ಪ. ಇನ್ನೊಂದ್ಸಲ ಬೆಂಡಾದ್ರೆ ಸೈಕಲ್ಲು ನಮ್ಮಣ್ಣ ಜುಂಜೇಶಂಗಂತೆ."

"ನೀನು ಸ್ಕೂಲಿಗೆ?"

"ಒಂಬತ್ತು ಕಿಲೋಮೀಟ್ರು ನಡ್ಕಂಡು ಹೋಗು ಅಂತ ಯಾರು ಕಳಿಸ್ತಾರಕ್ಕ?"

ಅಂಗಡಿಯ ಮುಂದೆ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದ ಗಂಡ ನಿರಂಜನ್ ಅಲ್ಲಿಂದಲೇ ಕೂಗಿದ. "ಎಲ್ಲೋ ಬೀಳಿಸ್ತಾಳೆ ಕಣೇ, ಹೇಳಲ್ಲ ಅಷ್ಟೇ."

ಬಿದ್ದ ಚಕ್ರ ಒಮ್ಮೆಯಾದರೂ ಬಲಕ್ಕೆ ವಾಲಬೇಕಲ್ಲ, ಅಂದುಕೊಂಡಳು ಶೋಭಾರಾಣಿ. ಹನ್ನೊಂದು ವರ್ಷದಿಂದ ಈ ಅಂಗಡಿಯ ಪರದೆಯ ಹಿಂದೆ ಕೂತು ಚಕ್ರಗಳಿಗೆ ಕಡ್ಡಿ ಕಟ್ಟುತ್ತಿದ್ದವಳು ಅವಳೇ. ಹೊಸದುರ್ಗದಲ್ಲಿ ನಿರಂಜನನ ಕೈಯಷ್ಟು ನೆಟ್ಟಗೆ ಚಕ್ರ ಕೂರಿಸುವವರಿಲ್ಲ ಎಂದು ಗಿರಾಕಿಗಳು ಹೊಗಳುವಾಗ ಅವನು ಪರದೆಯ ಕಡೆ ನೋಡಿ ಒಂದು ನಗೆ ನಗುತ್ತಿದ್ದ. ಅವಳಿಗೂ ಅದು ಸಾಕಾಗುತ್ತಿತ್ತು. ಆದರೆ ತಾನು ಕಟ್ಟಿದ ಚಕ್ರಗಳು ಅಂಗಡಿಯ ಹೊಸಿಲು ದಾಟಿದ ಮೇಲೆ ಎಲ್ಲಿ ಹೋಗುತ್ತವೆ, ಏನು ಹೊರುತ್ತವೆ ಎಂಬುದನ್ನು ಒಂದು ದಿನವೂ ನೋಡಿರಲಿಲ್ಲ.

"ಸ್ಕೂಲು ಬಿಟ್ಟು ಇನ್ನೆಲ್ಲಿಗೆ ಹೋಗ್ತೀಯಾ ಇದರಲ್ಲಿ?"

"ಭಾನುವಾರ ಹಾಲುಬಂಡೆ ಗುಡ್ಡಕ್ಕೆ. ಅಪ್ಪ ಅಲ್ಲಿ ಕುರಿ ಮೇಯಿಸ್ತಾರೆ. ರೊಟ್ಟಿ ಕೊಟ್ಟು ಬರ್ತೀನಿ. ಈ ಕಡೆಯಿಂದ ಹತ್ತಿ, ಆ ಕಡೆಯಿಂದ ಇಳಿಯೋದು."

"ನಾಳೆ ನಾನೂ ಬರ್ತೀನಿ."

ಪಂಪಿನ ಸದ್ದು ನಿಂತಿತು. "ನೀನಾ? ಸೈಕಲ್ ತುಳಿದು ಎಷ್ಟು ವರ್ಷ ಆಯ್ತೇ?"

"ದಿನಾ ಚಕ್ರ ತಿರುಗಿಸ್ತಾನೇ ಇದೀನಲ್ಲ, ಕೂತಲ್ಲೇ," ಎಂದಳು.

ಬೆಳಿಗ್ಗೆ ಅಂಗಡಿಯದೇ ಒಂದು ಬಾಡಿಗೆ ಸೈಕಲ್ಲು ತುಳಿದು ಹಟ್ಟಿ ಮುಟ್ಟುವಷ್ಟರಲ್ಲಿ ತೊಡೆಗಳು ಕಲ್ಲಾಗಿದ್ದವು. ಹೊಳಲ್ಕೆರೆಯ ತವರಿನಲ್ಲಿ ಅಣ್ಣನ ಸೈಕಲ್ಲನ್ನು ಕದ್ದು ಕಲಿತ ವಿದ್ಯೆ ಮಾತ್ರ ಮರೆತಿರಲಿಲ್ಲ. ರಂಜಿತಾ ರೊಟ್ಟಿಯ ಗಂಟನ್ನು ಕ್ಯಾರಿಯರಿಗೆ ಕಟ್ಟಿ ಮುಂದಾದಳು. ದಾರಿ ಎಂದರೆ ಕುರಿಗಳ ಗೊರಸು ಸವೆಸಿದ ಒಂದು ಗೆರೆ. ಎರಡೂ ಕಡೆ ಬಂದರಿ ಪೊದೆ, ನಡುವೆ ಕಮರದ ಮರಗಳು. ಹಿಂಗಾರು ಚೆನ್ನಾಗಿ ಬಿದ್ದಿದ್ದರಿಂದ ಮಣ್ಣು ಇನ್ನೂ ಮೆತ್ತಗಿತ್ತು. ಏರು ಕಡಿದಾದಲ್ಲಿ ಶೋಭಾರಾಣಿ ಇಳಿದು ತಳ್ಳಿದಳು. ಹುಡುಗಿ ಇಳಿಯಲಿಲ್ಲ. ಪೆಡಲಿನ ಮೇಲೆ ನಿಂತು, ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ, ಹಾವಿನಂತೆ ಅತ್ತಿತ್ತ ಹೊರಳಿಸುತ್ತ ಹತ್ತಿಯೇಬಿಟ್ಟಳು.

"ಬರ್ರಿ ಅಕ್ಕಾ, ಸದ್ದು ಕೇಳ್ತೈತೆ!"

ಕೇಳುತ್ತಿತ್ತು. ಪೊದೆ ಸರಿಸಿದರೆ ಎದುರಿಗೇ ಹಾಲುಬಂಡೆ. ಮೂರಾಳು ಎತ್ತರದ ಕರಿಬಂಡೆಯ ಮೇಲಿಂದ ಹಳ್ಳ ಬೆಳ್ಳಗೆ ಬಿಚ್ಚಿಕೊಂಡು ಬೀಳುತ್ತಿತ್ತು. ಸಿಡಿದ ಹನಿ ಮುಖಕ್ಕೆ ಬಡಿದಾಗ ಶೋಭಾರಾಣಿ ಕಣ್ಣು ಮುಚ್ಚಿ ಹಾಗೇ ನಿಂತಳು. ಇಷ್ಟು ಹತ್ತಿರದಲ್ಲಿ ಇದು ಇಷ್ಟು ವರ್ಷ ಬೀಳುತ್ತಲೇ ಇತ್ತಲ್ಲ ಎಂದುಕೊಂಡಳು.

ಬಂಡೆಯ ಬುಡದಲ್ಲಿ ಕಂಬಳಿ ಹೊದ್ದು ಕುಂತಿದ್ದ ರಂಜಿತಾಳ ಅಪ್ಪ ಜುಂಜಣ್ಣ ಎದ್ದು ನಿಂತ. "ಸೈಕಲ್ ಶಾಪಿನಮ್ಮಾರಾ? ಕುಂತ್ಕಳ್ರಿ. ನೋಡ್ರಿ, ಈಯೋ ಕಾಲ, ಬೆಳಗಿಂದ ನಾಕು ಮರಿ ಹಾಕ್ಯವೆ."

ಇನ್ನೂ ಕಾಲು ಊರಲಾರದ ನಾಲ್ಕು ಮರಿಗಳು ಹುಲ್ಲಿನ ಮೇಲೆ ನಡುಗುತ್ತಿದ್ದವು. ಅಪ್ಪ ಉಣ್ಣುವವರೆಗೂ ರಂಜಿತಾ ಕಾದಳು. ಆಮೇಲೆ ಗೋಣಿಯ ಜೋಳಿಗೆಯೊಂದನ್ನು ಕ್ಯಾರಿಯರಿನ ಎಡಕ್ಕೆ ನೇತುಹಾಕಿ ಮರಿಗಳನ್ನು ಹಟ್ಟಿಗೆ ಒಯ್ಯಲು ಒಂದೊಂದಾಗಿ ಅದರೊಳಗೆ ಇಳಿಸತೊಡಗಿದಳು.

ಶೋಭಾರಾಣಿ ಮುಂದಕ್ಕೆ ಬಂದಳು. "ನಾಲ್ಕನ್ನೂ ಒಂದೇ ಕಡೆ ಯಾಕೆ ಹಾಕ್ತೀಯೇ?"

"ಮರಿ ಹೊರೋದು ಯಾವಾಗ್ಲೂ ಎಡಕ್ಕೇ ಅಲ್ವಾ ಅಕ್ಕ? ಬಲಗೈಲಿ ದೊಣ್ಣೆ ಇರ್ತೈತೆ."

"ಸೈಕಲ್ಲಿಗೆ ಎಲ್ಲಿಯ ದೊಣ್ಣೆ?"

ಹುಡುಗಿ ಜೋಳಿಗೆಯನ್ನೊಮ್ಮೆ, ಚಕ್ರವನ್ನೊಮ್ಮೆ ನೋಡಿದಳು. ನಾಲಿಗೆ ಕಚ್ಚಿಕೊಂಡು ಕಿಸಕ್ಕನೆ ನಕ್ಕಳು. ಜುಂಜಣ್ಣ ನಗಲಿಲ್ಲ. "ನಮ್ಮ ತಾತನ ಕಾಲದಿಂದ್ಲೂ ಬಲಕ್ಕೆ ಮರಿ ಹೊತ್ತೋರಿಲ್ಲ."

"ಹೊರೋದು ನೀವಲ್ಲವಲ್ಲ ಯಜಮಾನರೇ, ಚಕ್ರ. ಅಷ್ಟು ಭಾರ ಒಂದೇ ಕಡೆ ಜೋತಾಡ್ತಾ ಕಲ್ಲಿನ ಮೇಲೆ ಕುಕ್ಕಿದ್ರೆ ಕಡ್ಡಿ ಸಡಿಲ ಆಗಿ ಚಕ್ರ ಆ ಕಡೆಗೇ ವಾಲದೆ ಏನಾಗುತ್ತೆ? ಎರಡು ಈ ಕಡೆ, ಎರಡು ಆ ಕಡೆ ಹಾಕ್ಸಿ."

"ಒಂದೇ ಮರಿ ಇದ್ದ ದಿನ?"

"ಇನ್ನೊಂದು ಕಡೆ ನೀರಿನ ಕ್ಯಾನು ಕಟ್ಟಲಿ."

ಅವನು ದೊಣ್ಣೆಗೆ ಗದ್ದ ಊರಿ ಚಕ್ರವನ್ನೇ ನೋಡಿದ. "ಆಗ್ಲಿ. ಕೆಳಗೆ ಹೋದ್ಮೇಲೆ ನಾನೇ ನೋಡ್ತೀನಿ. ಕೂದಲೆಳೆಯಷ್ಟು ವಾಲಿದ್ರೂ ಸೈಕಲ್ಲು ಜುಂಜೇಶಂಗೇ. ಅದ್ರಾಗೆ ಎರಡು ಮಾತಿಲ್ಲ."

ಅವನ ಊಟದ ಚೀಲವೇ ಬಲಗಡೆಯ ಜೋಳಿಗೆಯಾಯಿತು. ಶೋಭಾರಾಣಿ ಸೆರಗಿನ ಗಂಟಿನಿಂದ ಕಡ್ಡಿ ಬಿಗಿಯುವ ಕೀ ತೆಗೆದು, ಮೊಣಕಾಲೂರಿ, ಒಂದೊಂದೇ ಕಡ್ಡಿಯನ್ನು ಬೆರಳಲ್ಲಿ ಮೀಟಿ ಸದ್ದು ಕೇಳಿದಳು. ಎರಡು ಕಡೆಗೂ ಒಂದೇ ದನಿ ಬರುವವರೆಗೂ ಏಳಲಿಲ್ಲ.

ಇಳಿಜಾರು ಶುರುವಾಯಿತು. ಕಲ್ಲಿನ ಮೇಲೆ ಕಲ್ಲು, ನಡುವೆ ಮಳೆನೀರು ಕೊರೆದ ಕೊರಕಲು. ಶೋಭಾರಾಣಿ ಎರಡೂ ಬ್ರೇಕು ಹಿಡಿದು ಉಸಿರು ಬಿಗಿದು ಇಳಿಯುತ್ತಿದ್ದಳು. ಮುಂದೆ ರಂಜಿತಾ ಸೀಟಿನಿಂದ ಎದ್ದು, ಮೈಯನ್ನು ಹಿಂದಕ್ಕೆ ಚೆಲ್ಲಿ, ಯಾವ ಕಲ್ಲಿಗೆ ಚಕ್ರ ಕೊಡಬೇಕು, ಯಾವುದನ್ನು ಬಿಡಬೇಕು ಎಂದು ಮೊದಲೇ ಗೊತ್ತಿದ್ದವಳಂತೆ ಇಳಿಯುತ್ತಿದ್ದಳು. ಮರಿಗಳಿಗೆ "ಆಯ್ತು ಆಯ್ತು, ಬಂತು ಹಟ್ಟಿ" ಎಂದು ಹೇಳುತ್ತಲೂ ಇದ್ದಳು. ಎಲ್ಲಿ ಕಲಿತಳು ಇದನ್ನು? ಯಾರೂ ಕಲಿಸಿರಲಾರರು. ಮೆಟ್ಟಿಲಿನಂಥ ಬಂಡೆಯೊಂದರ ಮೇಲಿಂದ ಹುಡುಗಿಯ ಹಿಂದಿನ ಚಕ್ರ ಧೊಪ್ಪನೆ ಬಿದ್ದಾಗ ಶೋಭಾರಾಣಿಯ ಹಲ್ಲು ಕಚ್ಚಿಕೊಂಡವು. ಚಕ್ರ ಒಂದು ಸಲ ಪುಟಿದು, ನೆಟ್ಟಗೆ ನಿಂತು, ಮುಂದಕ್ಕೆ ಓಡಿತು. ಅವಳ ಕೈ ತಾನಾಗಿ ಬ್ರೇಕನ್ನು ಅರ್ಧ ಬಿಟ್ಟಿತು. ಗಾಳಿ ಕಿವಿಯಲ್ಲಿ ಹುಯ್ಯಿಟ್ಟಿತು. ಅದೇ ಬಂಡೆಯನ್ನು ತಾನೂ ದಾಟಿದ್ದು ಅವಳಿಗೆ ಗೊತ್ತಾದದ್ದು ದಾಟಿಯಾದ ಮೇಲೆಯೇ.

ಹಟ್ಟಿಯ ಬೇಲಿಯ ಹತ್ತಿರ ಕಾದರು. ಕುರಿಗಳ ಜೊತೆ ಒಳದಾರಿಯಲ್ಲಿ ಇಳಿದ ಜುಂಜಣ್ಣ ಬಂದವನೇ ಸೈಕಲ್ಲಿನ ಹಿಂಬದಿಯನ್ನು ಎತ್ತಿ, ಕುರಿಯ ಕಾಲು ನೋಡುವವನಂತೆ ಕುಕ್ಕರಗಾಲಲ್ಲಿ ಕುಂತು, ಹೆಬ್ಬೆರಳನ್ನು ರಿಮ್ಮಿನ ಹತ್ತಿರ ಹಿಡಿದು ಚಕ್ರ ತಿರುಗಿಸಿದ. ರಂಜಿತಾ ಶೋಭಾರಾಣಿಯ ಮೊಣಕೈ ಹಿಡಿದುಕೊಂಡಿದ್ದಳು. ಚಕ್ರ ತಿರುಗಿತು, ತಿರುಗಿತು, ಬೆರಳಿಗೆ ತಾಗದೆ ನಿಧಾನಕ್ಕೆ ನಿಂತಿತು. ಅವನು ಇನ್ನೊಂದು ಕಡೆಯಿಂದಲೂ ಹಾಗೆಯೇ ನೋಡಿದ.

"ಲೇ ರಂಜಿ," ಅಂದ ಎದ್ದು, ಪಂಚೆ ಕೊಡವುತ್ತಾ. "ಮುಂದಿನ ಭಾನ್ವಾರ ಸೈಕಲ್ ತಗಂಡು ಬೇಗ ಬಾ. ಐದಾರು ಈಯ್ತವೆ."

ಹುಡುಗಿ ಅಕ್ಕನ ಮೊಣಕೈ ಬಿಡಲಿಲ್ಲ. ಶೋಭಾರಾಣಿ ಮೆಲ್ಲಗೆ ಬಿಡಿಸಿಕೊಂಡು ಬಲಗಡೆಯ ಚೀಲಕ್ಕೆ ಕೈ ಹಾಕಿದಳು. ಎತ್ತಿ ಇಳಿಸಿದ ಮರಿ ನಾಲ್ಕು ಕಾಲನ್ನೂ ಅಗಲ ಚಾಚಿ ನಿಂತು, ತೂಗಾಡಿ, ಕೂಗುತ್ತಿದ್ದ ತಾಯಿಯ ಕಡೆಗೆ ಒಂದು ಹೆಜ್ಜೆ ಇಟ್ಟಿತು.