ಹದಿನೆಂಟು ಕಲ್ಲುಗಳ ಆಳ

ವಿಭೂತಿಯ ವಾಸನೆ, ಬುಟ್ಟಿಯೊಳಗಿನಿಂದಲೇ, ಇನ್ನೂ ಹೋಗಿಲ್ಲ, ಎರಡು ಗಂಟೆಯಾಯಿತು, ಮೂರಕ್ಕೆ ವಿಶ್ವನಾಥ್ ಕಚೇರಿಯ ಜೀಪು ತರುತ್ತಾನೆ, ಲ್ಯಾಬಿಗೆ ಕೊಡಬೇಕಾದ ಪಟ್ಟಿ ಶಿವರಂಜನಿಯ ಮುಂದಿದೆ, ಹದಿನೆಂಟು ಕಲ್ಲು, ಆಳ ಎಷ್ಟು ಮೀಟರು ಎಂಬಲ್ಲಿ ಹದಿನೆಂಟೂ ಖಾಲಿ — ದೇವಸಮುದ್ರದ ಆಚೆ ಬೋರು ಕೊರೆದಾಗ ಒಂದೊಂದು ಆಳದಿಂದ ಮೇಲೆ ಬಂದ ಗುಂಡನೆಯ ತುಂಡುಗಳು, ಯಾವುದು ಎಷ್ಟು ಆಳದ್ದೆಂದು ತಿಳಿದರೆ ತಾಮ್ರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಹೇಳಬಹುದು, ತಿಳಿಯದಿದ್ದರೆ ಬರೀ ಜಲ್ಲಿ, ಉಳಿದದ್ದನ್ನೆಲ್ಲ ಆಗಲೇ ಪುಡಿ ಮಾಡಿ ಪರೀಕ್ಷೆಗೆ ಕಳಿಸಿಯಾಗಿದೆ. ಹದಿನಾರು ವರ್ಷ ನೌಕರಿ ಮಾಡಿ ನಲವತ್ತರಲ್ಲಿ ಮತ್ತೆ ವಿದ್ಯಾರ್ಥಿನಿ, ಕೆಲಸದಲ್ಲಿರುವ ಭೂವಿಜ್ಞಾನಿಗಳಿಗೆಂದೇ ಇರುವ ಸ್ನಾತಕೋತ್ತರ ಪದವಿ, ಹಗಲು ಗುಡ್ಡ, ಸಂಜೆ ಅಕ್ಕಿ ಡಬ್ಬಿಗೆ ಒರಗಿಸಿದ ಫೋನಿನಲ್ಲಿ ಪಾಠ, ಅವ್ವ ರೊಟ್ಟಿ ತಟ್ಟುತ್ತಾ, ಏನ್ ಕಲಿಸ್ತಾರೆ ಶಿವಿ ಈ ವಯಸ್ಸಿಗೆ, ಕಲ್ಲಿಗೆ ಬೆಲೆ ಕಟ್ಟೋದು ಅವ್ವ, ಅಯ್ಯೋ ಶಿವನೇ, ಅವನ ಕಲ್ಲಿಗೆ ನೀವು ಬೆಲೆ ಕಟ್ಟೋರಾ — ನಕ್ಕಿದ್ದಳು, ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು.

ಶ್ರಾವಣದ ಸೋಮವಾರ ಅದು, ಕಲ್ಲುಗಳನ್ನು ಹಲಗೆಯ ಮೇಲೆ, ಮೇಲಿನದು ಎಡಕ್ಕೆ ಕೆಳಗಿನದು ಬಲಕ್ಕೆ, ಸಾಲಾಗಿಟ್ಟು ಒಂದೊಂದರಡಿ ಆಳ ಬರೆದ ಚೀಟಿ ಇಟ್ಟಿದ್ದಳು, ಯಾವ ಕಲ್ಲು ಯಾವ ಆಳದ್ದೆಂದು ಬೇರೆಲ್ಲೂ ಬರೆದಿರಲಿಲ್ಲ, ಫೋಟೋ ನಾಳೆ ಬೆಳಕಿನಲ್ಲಿ ತೆಗೆದರಾಯಿತು ಎಂದುಕೊಂಡಿದ್ದಳು, ಸಂಜೆ ಬಾಗಿಲಿಗೆ ಬರುವಾಗ ಪಕ್ಕದ ಮನೆ ಸೂರಮ್ಮ, ನೋಡು ಹೋಗೇ, ನಿಮ್ಮವ್ವ ಮನೇನೇ ಮಠ ಮಾಡವ್ಳೆ, ಒಳಗೆ ಹದಿನೆಂಟೂ ತೊಳೆದು, ನೆಟ್ಟಗೆ ನಿಲ್ಲಿಸಿ, ಒಂದೊಂದಕ್ಕೂ ಮೂರು ಬೆರಳು ವಿಭೂತಿ, ಒಂದೊಂದು ಹೂವು, ನೆಂದ ಚೀಟಿಗಳು ಮುದ್ದೆಯಾಗಿ ಕಸದ ಮೊರದಲ್ಲಿ, ಅವ್ವ, ಲಿಂಗದಂಗೆ ಐತಲ್ಲೇ, ಧೂಳು ಹಿಡಿಯೋಕೆ ಬಿಡಬಾರ್ದು ಅಂತ — ನಿನ್ನ ಭಕ್ತಿಗೆ ಬೆಂಕಿ ಬೀಳ, ನನ್ನ ಎರಡು ವರ್ಷ ನೀರಿಗೆ ಹಾಕಿದೆಯಲ್ಲ, ಎಂದವಳೇ ತೋಳಿನಿಂದ ಅಷ್ಟನ್ನೂ ಬುಟ್ಟಿಗೆ ಬಳಿದು ಹಾಕಿದಳು, ಗಡಗಡನೆ, ಆಮೇಲೆ ಅವ್ವನ ಮಾತು, ಮೆಲ್ಲಗೆ, ನೀನು ಇಟ್ಟಂಗೇ ಇಟ್ಟಿದ್ದೆ ತಾಯಿ, ಒಂದೊಂದೇ ತೆಗೆದು, ತೊಳೆದು, ಅದರ ಜಾಗಕ್ಕೇ ಇಟ್ಟಿದ್ದೆ, ಹಲಗೆಯ ಮೇಲೆ ಹದಿನೆಂಟು ಒದ್ದೆ ಗುಂಡು ಗುರುತುಗಳು, ಎಡದಿಂದ ಬಲಕ್ಕೆ.

ಆರು ದಿನ ಅವರಿಬ್ಬರ ನಡುವೆ ಮಾತಿರಲಿಲ್ಲ, ಏಳನೆಯ ಬೆಳಗ್ಗೆ ಅವ್ವ, ತಿಪ್ಪೇರುದ್ರಮ್ಮ, ಪೂಜೆಗೆ ಕೂತವಳು ಏಳಲಿಲ್ಲ, ಲಿಂಗ ಅಂಗೈಯಲ್ಲೇ ಇತ್ತು, ಪುಣ್ಯವಂತೆ ಎಂದರು ಬಂದವರೆಲ್ಲ, ಹನ್ನೊಂದನೆಯ ದಿನದ ಶಿವಗಣಾರಾಧನೆ ನಿನ್ನೆ ಮುಗಿಯಿತು, ಬೆಳಗ್ಗೆ ಫೋನಿನಲ್ಲಿ ವಿಶ್ವನಾಥ್, ಮೇಡಂ, ಅಂದಾಜಲ್ಲಿ ತುಂಬ್ರಿ, ನೆಲದೊಳಗೆ ಇಳಿದು ಯಾರು ನೋಡ್ತಾರೆ, ತುಂಬಬಹುದು, ನಾಳೆ ಯಾರೋ ಅವಳ ಅಂಕಿ ನಂಬಿ ಮತ್ತೆ ಕೊರೆಯುತ್ತಾರೆ, ತುಂಬದಿದ್ದರೆ ಪದವಿಯಿಲ್ಲ, ಮೊದಲ ಸಾಲಿಗೆ ಪೆನ್ನಿಟ್ಟು ಒಂದು ಕಲ್ಲು ಎತ್ತಿಕೊಂಡಳು, ಕಪ್ಪಗೆ, ತಣ್ಣಗೆ, ಮೇಲಿನದೋ ಕೆಳಗಿನದೋ, ಹೇಳಬಲ್ಲವಳು ಒಬ್ಬಳಿದ್ದಳು, ಶಿವನೇ, ಹೇಳಿಯೂ ಇದ್ದಳು, ಹೊರಗೆ ಜೀಪು ಹಾರ್ನ್ ಮಾಡುತ್ತಿದೆ, ಕೈ ಏಳುತ್ತಿಲ್ಲ, ಕಣ್ಣ ಮುಂದೆ ಆ ಸೋಮವಾರದ ಹಲಗೆ, ಅದರ ಮೇಲೆ ಹದಿನೆಂಟು ಒದ್ದೆ ಗುರುತುಗಳು, ಎಡದಿಂದ ಒಂದೊಂದಾಗಿ ಆರುತ್ತಿವೆ, ಒಂದು, ಇನ್ನೊಂದು, ಅವಳು ನೋಡುತ್ತಾ ನಿಂತಿದ್ದಾಳೆ, ಆರುತ್ತಿವೆ —