ಗಾಳಿಮರಕ್ಕೆ ಕಟ್ಟಿದ ಸೀರೆ

ನಾನು ಬೆಟಗೇರಿಯ ಮಗ್ಗದಲ್ಲಿ ಹುಟ್ಟಿದ ನೂಲಿನ ಸೀರೆ. ರೇಷ್ಮೆಯವರಂತೆ ಪೆಟ್ಟಿಗೆಯಲ್ಲಿ ಮಲಗಿ ಮೈ ಉಳಿಸಿಕೊಂಡವಳಲ್ಲ. ಹುಬ್ಬಳ್ಳಿಯ ನೀಲಾಂಬಿಕಾ ನನ್ನನ್ನು ಆರು ವರ್ಷ ಉಟ್ಟು, ಒಗೆದು ಒಗೆದು ಬೆಣ್ಣೆಯಷ್ಟು ಮೆತ್ತಗಾಗಿಸಿದಳು. ಆಮೇಲೆ ಅವಳ ಎರಡನೇ ಕೂಸು ವೀಣಾಗೆ ನಾನೇ ಜೋಲಿಯಾದೆ. ಜಂತಿಗೆ ನನ್ನನ್ನು ಕಟ್ಟಿ ತೂಗದಿದ್ದರೆ ಆ ಹುಡುಗಿ ಕಣ್ಣು ಮುಚ್ಚುತ್ತಿರಲಿಲ್ಲ, ಮಹಾ ಹಟಮಾರಿ.

ಅದಕ್ಕೇ ಕಾರವಾರದ ಪ್ರವಾಸಕ್ಕೂ ನನಗೆ ಬುಲಾವ್ ಬಂತು. ನೀಲಾ ಹುಟ್ಟಿದಾಗಿನಿಂದ ಸಮುದ್ರ ಕಂಡವಳಲ್ಲ. ಒಂದೇ ಒಂದು ಸಲ ಒಬ್ಬಳೇ ಹೋಗಿ ಮೊಣಕಾಲುದ್ದ ನೀರಲ್ಲಿ ನಿಲ್ಲಬೇಕು, ಯಾರೂ ಸೆರಗು ಜಗ್ಗಬಾರದು, ಅವಳ ಆಸೆ ಇಷ್ಟೇ. ಆದರೆ ಮಕ್ಕಳು ಬಿಡಬೇಕಲ್ಲ! ನಾಲ್ಕು ವರ್ಷದ ಮಗ ಚೇತು ಘಟ್ಟದ ತಿರುವಿಗೊಮ್ಮೆ ವಾಂತಿ ಮಾಡಿಕೊಂಡ. ಮರುದಿನ ಅವನಿಗೆ ಜ್ವರ. ಲಾಡ್ಜಿನ ಕೋಣೆಯಲ್ಲಿ ನನ್ನನ್ನು ಕಟ್ಟಲು ಜಂತಿಯೇ ಇರಲಿಲ್ಲ, ಕೂಸಿನ ರಂಪ ಕೇಳಬೇಡಿ. ನೀಲಾ ಕಿಟಕಿಯಿಂದಲೇ ಸಮುದ್ರ ನೋಡಿ ಕಣ್ಣೊರೆಸಿಕೊಂಡಳು. ನೂಲಿನ ಮೈಯಾದರೇನು, ನನ್ನ ಕರುಳೂ ಚುರುಕ್ ಎಂದಿತು.

ಮೂರನೆಯ ದಿನ ಮಧ್ಯಾಹ್ನ ಊರಿಗೆ ಬಸ್ಸು. ಅಂದು ಬೆಳಿಗ್ಗೆ ಗಂಡ ಈರಣ್ಣ ದಂಡೆಯ ಎರಡು ಗಾಳಿಮರಗಳಿಗೆ ನನ್ನನ್ನು ಕಟ್ಟಿದ. ಹತ್ತಿ ಅಂಗಡಿಯಲ್ಲಿ ಮೂಟೆ ಕಟ್ಟಿ ಪಳಗಿದವನ ಗಂಟು, ಬಿಚ್ಚುವ ಮಾತೇ ಇಲ್ಲ. ಕೂಸನ್ನು ಮಲಗಿಸಿ, ಜ್ವರ ಇಳಿದಿದ್ದ ಮಗನನ್ನು ಮರಳಲ್ಲಿ ಆಡಲು ಕೂರಿಸಿ ಹೆಂಡತಿಗೆ ಹೇಳಿದ:

"ನೀ ಹೋಗಿ ಬಾ. ಇವರನ್ನ ನಾ ನೋಡ್ಕೋತೇನಿ."

ಅವಳು ನೀರಿಗಿಳಿಯುವಷ್ಟರಲ್ಲಿ ಕೂಸು ಎದ್ದು ಕಿರುಚತೊಡಗಿತು. ಈರಣ್ಣ ತೂಗಿದ, ಜೋಗುಳ ಹಾಡಿದ, ಮಂಗನಂತೆ ಕುಣಿದ. ಹೆಂಡತಿಯನ್ನು ಮಾತ್ರ ಕರೆಯಲಿಲ್ಲ. ಕೊನೆಗೆ ಕೂಸನ್ನೆತ್ತಿಕೊಂಡು ತಾನೇ ನನ್ನೊಳಗೆ ಕುಳಿತ. ಎಂಬತ್ತು ಕಿಲೋ ಆಳು! ಗಂಟು ಜಗ್ಗಲಿಲ್ಲ, ನಾನೇ ಪರ್ರೆಂದು ಹರಿದೆ. ಅಪ್ಪ ಮಗಳು ಇಬ್ಬರೂ ಮರಳಿಗೆ ಬಿದ್ದರು. ಕೂಸು ಅಳು ಮರೆತು ಕೇಕೆ ಹಾಕಿತು.

ನೀಲಾ ನಮಗೆ ಬೆನ್ನು ಮಾಡಿ ಅರ್ಧ ತಾಸು ನೀರಲ್ಲೇ ನಿಂತಿದ್ದಳು. ಅಲೆಗಳ ಸದ್ದಿಗೆ ಅವಳಿಗೇನೂ ಕೇಳಿಸಲಿಲ್ಲವೆಂದು ಈರಣ್ಣನಿಗೆ ಸಮಾಧಾನ. ನಾನೂ ಹಾಗೇ ನಂಬಿದೆ.

ಹರಿದ ನನ್ನನ್ನು ಹಳೆ ಬಟ್ಟೆಗಳ ಜೊತೆ ಹಾಸುವ ಕೌದಿಗೆ ಸೇರಿಸಿ ಹೊಲಿದರು. ಈಗ ಮೂವತ್ತು ದಾಟಿದ ಮುದುಕಿ ನಾನು, ಅಲ್ಲಲ್ಲಿ ದಾರ ಬಿಟ್ಟಿದೆ. ಮೊನ್ನೆ ವೀಣಾ ತನ್ನ ಕೂಸಿನೊಡನೆ ಊಟಿಗೆ ಹೋಗಿ ಬಂದವಳು ನನ್ನ ಮೇಲೆ ಕುಳಿತು ಅತ್ತಳು. ಅಳುವ ಕೂಸನ್ನು ಗಂಡನ ಕೈಗೆ ಕೊಟ್ಟು, ಒಬ್ಬಳೇ ಕೆರೆಯ ಸುತ್ತ ಅಡ್ಡಾಡಿ ಬಂದಳಂತೆ. ತಾನು ಎಂಥ ತಾಯಿ ಎಂಬ ಸಂಕಟ.

ನೀಲಾ ಮಗಳ ತಲೆ ನೇವರಿಸಿದಳು.

"ಕಾರವಾರದಾಗ ನೀ ಅತ್ತದ್ದು ನನಗ ಕೇಳಿಸಿತ್ತವಾ. ಪೂರಾ ಕೇಳಿಸಿತ್ತು. ನಾ ತಿರುಗಿ ನೋಡಲಿಲ್ಲ."

ವೀಣಾ ಅಳು ನಿಲ್ಲಿಸಿ ತಾಯಿಯ ಮುಖವನ್ನೇ ನೋಡಿದಳು. ಇಷ್ಟು ವರ್ಷ ನೀಲಾ ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳಲ್ಲ, ಪುಣ್ಯಾತ್ಗಿತ್ತಿ.